ದಣಪೆ ದಾಟಿಸುವಷ್ಟೇ ಭಾರ: ಮಲೆನಾಡಿನ ಮಣ್ಣುದಾರಿಯಲ್ಲಿ ಸೈಕಲ್ ಪ್ರವಾಸಕ್ಕೆ ತಯಾರಿ

ದಣಪೆ ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ತೋಟದ ಬೇಲಿಯಲ್ಲಿ ಎರಡು ಕಂಬ ನೆಟ್ಟು, ನಡುವೆ ಬಿದಿರಿನದೋ ಮರದ್ದೋ ಗಳುಗಳನ್ನು ಅಡ್ಡಲಾಗಿ ತೂರಿಸಿ ಮಾಡಿದ ಬಾಗಿಲು ಅದು. ದನ ಒಳಗೆ ನುಗ್ಗಬಾರದು, ಮನುಷ್ಯ ಗಳು ಸರಿಸಿಕೊಂಡು ಹೋಗಬಹುದು.

ನನ್ನ ಮೊದಲ ಮಣ್ಣುದಾರಿ ಪ್ರವಾಸದ ಎರಡನೇ ದಿನ ಮೂಡಿಗೆರೆ ಕಡೆ ಒಂದು ದಣಪೆ ಎದುರಾಯಿತು. ಗಳುಗಳು ಮಳೆನೀರಿಗೆ ಊದಿಕೊಂಡು ಕಂಬದ ತೂತಿನಲ್ಲಿ ಕಚ್ಚಿಕೊಂಡಿದ್ದವು. ಎಳೆದರೂ ಬರಲಿಲ್ಲ, ಗುದ್ದಿದರೂ ಬರಲಿಲ್ಲ. ಸರಿ, ಸೈಕಲ್ ಎತ್ತಿ ದಾಟಿಸೋಣ ಅಂತ ಕೈ ಹಾಕಿದೆ. ಮುಂದಿನ ಚಕ್ರ ಮೇಲೆ ಬಂತು, ಹಿಂದಿನದು ನೆಲ ಬಿಡಲಿಲ್ಲ. 14 ಕೆ.ಜಿ. ಸೈಕಲ್ಲಿಗೆ 22 ಕೆ.ಜಿ. ಸಾಮಾನು ಕಟ್ಟಿಕೊಂಡು ಬಂದಿದ್ದೆ. ಬ್ಯಾಗುಗಳನ್ನು ಒಂದೊಂದಾಗಿ ಬಿಚ್ಚಿ ಆಚೆ ಇಟ್ಟು, ಸೈಕಲ್ ದಾಟಿಸಿ, ಮತ್ತೆ ಎಲ್ಲ ಕಟ್ಟುವ ಹೊತ್ತಿಗೆ 20 ನಿಮಿಷ ಹೋಯಿತು. ಅರ್ಧ ಕಿಲೋಮೀಟರ್ ಹೋದರೆ ಇನ್ನೊಂದು ದಣಪೆ. ಅವತ್ತು ಒಟ್ಟು ಐದು.

ಅವತ್ತಿನಿಂದ ನನ್ನದು ಒಂದೇ ಲೆಕ್ಕ. ಸಾಮಾನು, ನೀರು ಎಲ್ಲ ಕಟ್ಟಿದ ಸೈಕಲ್ಲನ್ನು ಯಾರ ಸಹಾಯವೂ ಇಲ್ಲದೆ ಸೊಂಟದ ಎತ್ತರಕ್ಕೆ ಎತ್ತಿ ಆಚೆ ಇಳಿಸಲು ಆಗಬೇಕು. ಆಗದಿದ್ದರೆ ತಯಾರಿ ಮುಗಿದಿಲ್ಲ. ಟಾರು ರಸ್ತೆಯಲ್ಲಿ ಭಾರ ಜಾಸ್ತಿಯಾದರೆ ನಿಧಾನ ಹೋಗುತ್ತೀರಿ, ಅಷ್ಟೇ. ಮಣ್ಣುದಾರಿಯಲ್ಲಿ ಎತ್ತಬೇಕು, ತಳ್ಳಬೇಕು, ಕಾಲುಸಂಕದ (ಹಳ್ಳಕ್ಕೆ ಅಡ್ಡ ಹಾಕಿದ ಕಾಲುಸೇತುವೆ) ಮೇಲೆ ಹೊತ್ತು ದಾಟಬೇಕು. ಸೈಕಲ್ ನಿಮ್ಮನ್ನು ಹೊರುವ ಹೊತ್ತು ಎಷ್ಟೋ, ನೀವು ಅದನ್ನು ಹೊರುವ ಹೊತ್ತೂ ಹೆಚ್ಚೂಕಡಿಮೆ ಅಷ್ಟೇ ಅಂತ ಕೆಲವು ದಿನ ಅನಿಸುತ್ತದೆ.

ಮೊದಲು ದಾರಿ, ಆಮೇಲೆ ಸೈಕಲ್

ಎಲ್ಲರೂ ಉಲ್ಟಾ ಮಾಡುತ್ತಾರೆ. ಮೊದಲು ಸೈಕಲ್ ಕೊಳ್ಳುತ್ತಾರೆ, ಆಮೇಲೆ ಎಲ್ಲಿಗೆ ಹೋಗೋದು ಅಂತ ಯೋಚಿಸುತ್ತಾರೆ. ಎರಡು ಮೂರು ತಿಂಗಳು ಮೊದಲೇ ದಾರಿ ಹಾಕಿಕೊಳ್ಳಿ. ಯಾವ ಟೈರು, ಎಷ್ಟು ಬಟ್ಟೆ, ಎಷ್ಟು ನೀರು ಅನ್ನುವುದೆಲ್ಲ ಅದರ ಮೇಲೆ ನಿಂತಿರುತ್ತದೆ.

ನಾನು ಹೊಸಬರಿಗೆ ಹೇಳುವ ದಾರಿ ಸಕಲೇಶಪುರದಿಂದ ಸಾಗರದವರೆಗಿನದು. ಎರಡೂ ಊರಿಗೆ ರೈಲಿದೆ, ಅದೇ ದೊಡ್ಡ ಅನುಕೂಲ. ಸಕಲೇಶಪುರ, ಹಾನುಬಾಳು, ದೇವರಮನೆ ಕಡೆಯಿಂದ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಹೊರನಾಡು. ಅಲ್ಲಿಂದ ಬಾಳೆಹೊನ್ನೂರು, ಕೊಪ್ಪ, ಕುಪ್ಪಳಿ, ತೀರ್ಥಹಳ್ಳಿ. ಆಮೇಲೆ ಕವಲೇದುರ್ಗ, ನಗರ, ಹೊಸನಗರ, ಸಾಗರ. ಊರಿನಿಂದ ಊರಿಗೆ ಟಾರು ರಸ್ತೆ ಇದ್ದೇ ಇದೆ. ಅದನ್ನು ಬೆನ್ನೆಲುಬಿನ ಹಾಗೆ ಇಟ್ಟುಕೊಂಡು, ಪ್ರತಿದಿನ ಅದರಿಂದ ಪಕ್ಕಕ್ಕೆ ಹೊರಟು ತೋಟದ ದಾರಿ, ಹಳ್ಳಿಯ ಮಣ್ಣುದಾರಿ ಹಿಡಿದು ಸಂಜೆಗೆ ಮತ್ತೆ ಒಂದು ಊರಿಗೆ ಬಂದು ಸೇರುವ ಹಾಗೆ ನಕ್ಷೆ ಹಾಕಿ. ಹೀಗೆ ಮಾಡಿದರೆ ಕೈಕೊಟ್ಟಾಗ ಟಾರು ರಸ್ತೆ, ಬಸ್ಸು ಯಾವತ್ತೂ ತೀರಾ ದೂರ ಇರುವುದಿಲ್ಲ. ಎಂಟು ದಿನ ಇಟ್ಟುಕೊಳ್ಳಿ. ಅದರಲ್ಲಿ ಒಂದು ದಿನ ಸುಮ್ನೆ ಖಾಲಿ ಬಿಡಿ.

ದಿನಕ್ಕೆ ಎಷ್ಟು ದೂರ? ಟಾರಿನ ಲೆಕ್ಕ ಇಲ್ಲಿ ನಡೆಯೋದಿಲ್ಲ. ನನ್ನ ಲೆಕ್ಕ ಹೀಗಿದೆ: 10 ಕಿ.ಮೀ.ಗೆ ಒಂದು ಗಂಟೆ, ಪ್ರತಿ 300 ಮೀಟರ್ ಏರಿಗೆ ಮೇಲೆ ಇನ್ನರ್ಧ ಗಂಟೆ. 40 ಕಿ.ಮೀ. ದಾರಿ, 900 ಮೀಟರ್ ಏರು ಅಂದರೆ ಐದೂವರೆ ಗಂಟೆ. ಅದಕ್ಕೆ ಊಟ, ಪಂಕ್ಚರ್, ದಾರಿ ತಪ್ಪುವುದು, ಯಾರೋ ಕರೆದು ಕಾಫಿ ಕೊಡುವುದು ಅಂತ ಎರಡು ಗಂಟೆ ಸೇರಿಸಿ. ಬೆಳಗ್ಗೆ 7ಕ್ಕೆ ಹೊರಟರೆ ಮಧ್ಯಾಹ್ನ ಎರಡೂವರೆ. ಅಷ್ಟಕ್ಕೆ ನಿಲ್ಲಿಸಿ. ಟಾರಿನಲ್ಲಿ 100 ಕಿ.ಮೀ. ಹೊಡೆಯುವವರಿಗೆ 40 ಅಂದರೆ ಅವಮಾನ ಆದ ಹಾಗೆ ಅನಿಸುತ್ತದೆ, ಗೊತ್ತು. ಮೊದಲ ದಿನ ಸಂಜೆ ಮಾತಾಡೋಣ.

ನಕ್ಷೆಗೆ ಬರೋಣ. ಗೂಗಲ್ ಮ್ಯಾಪ್ ಒಂದನ್ನೇ ನಂಬಬೇಡಿ. ತೋಟದೊಳಗಿನ ಖಾಸಗಿ ದಾರಿಯನ್ನೂ ಅದು ಊರದಾರಿ ಅಂದುಕೊಂಡು ಗೇಟಿನ ಮುಂದೆ ತಂದು ನಿಲ್ಲಿಸುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಯಾವುದಾದರೂ ಆ್ಯಪ್ ಹಾಕಿಕೊಂಡು, ಆ ಭಾಗದ ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಕಣಿವೆಗೆ ಇಳಿದರೆ ಸಿಗ್ನಲ್ ಇರೋದಿಲ್ಲ. ಉಪಗ್ರಹ ಚಿತ್ರದಲ್ಲೂ ಒಂದು ಸಲ ದಾರಿಯುದ್ದಕ್ಕೂ ಕಣ್ಣಾಡಿಸಿ. ಆದರೆ ಕಾಫಿ ತೋಟದ ನೆರಳುಮರಗಳ ಕೆಳಗೆ ಏನಿದೆ ಅಂತ ಮೇಲಿನಿಂದ ಕಾಣೋದಿಲ್ಲ, ಅದಕ್ಕೆ ಅಲ್ಲಿನವರನ್ನೇ ಕೇಳಬೇಕು.

ಕೇಳುವುದಕ್ಕೂ ಒಂದು ಕ್ರಮ ಇದೆ. "ಈ ದಾರಿ ಹೋಗ್ತದಾ?" ಅಂದರೆ ಎಲ್ಲರೂ "ಹೋಗ್ತದೆ" ಅನ್ನುತ್ತಾರೆ. ಹೋಗುವುದು ನಿಜ, ಅವರು ನಡೆದು ಹೋಗುತ್ತಾರೆ. "ಜೀಪು ಹೋಗ್ತದಾ, ಬೈಕ್ ಹೋಗ್ತದಾ?" ಅಂತ ಕೇಳಿ. ಪಿಕಪ್ ಹೋಗುವ ದಾರಿಯಾದರೆ ನೀವು ತುಳಿದುಕೊಂಡು ಹೋಗಬಹುದು. ಬರೀ ಜೀಪು ಹೋಗುವುದಾದರೆ ಅಲ್ಲಲ್ಲಿ ತಳ್ಳುತ್ತೀರಿ. ಬೈಕ್ ಮಾತ್ರ ಅಂದರೆ ಮಧ್ಯೆ ಎಲ್ಲೋ ಒಂದು ಸಂಕ ಇದೆ ಅಂತ ಅರ್ಥ. "ನಡ್ಕೊಂಡು ಹೋಗಬಹುದು ಮಾರಾಯ್ರೇ" ಅಂದರೆ ಸುಮ್ಮನೆ ವಾಪಸ್ ತಿರುಗಿ. ದೂರದ ವಿಷಯದಲ್ಲಿ ಮಾತ್ರ ಯಾರನ್ನೂ ನಂಬಬೇಡಿ, "ಇಲ್ಲೇ ಹತ್ರ" ಅನ್ನುವುದು ಒಂದು ಕಿಲೋಮೀಟರೂ ಆಗಬಹುದು, ಒಂಬತ್ತೂ ಆಗಬಹುದು.

ತೋಟದ ದಾರಿಗೆ ಹೋಗುವ ಮೊದಲು ಆ ಎಸ್ಟೇಟಿನ ರೈಟರನ್ನು, ಅಂದರೆ ತೋಟದ ಕೆಲಸ ನೋಡಿಕೊಳ್ಳುವವರನ್ನು, ಕಂಡು ಕೇಳಿಕೊಳ್ಳಿ. ಕೆಲಸದವರ ಲೈನ್ ಮನೆಗಳ ಹತ್ತಿರ ಯಾರನ್ನಾದರೂ ವಿಚಾರಿಸಿದರೆ ಅವರು ಎಲ್ಲಿದ್ದಾರೆ ಅಂತ ತೋರಿಸುತ್ತಾರೆ. ಹತ್ತರಲ್ಲಿ ಎಂಟು ಸಲ "ಹೋಗಿ, ಗೇಟ್ ಹಾಕ್ಕೊಂಡು ಹೋಗಿ" ಅಂತಾರೆ. ಬೇಡ ಅಂದರೆ ವಾದ ಮಾಡಬೇಡಿ. ಕಾಳುಮೆಣಸು ಕಳ್ಳತನ ಆಗುವ ಜಾಗದಲ್ಲಿ ದೊಡ್ಡ ದೊಡ್ಡ ಚೀಲ ಕಟ್ಟಿಕೊಂಡ ಅಪರಿಚಿತನನ್ನು ಯಾರು ತಾನೇ ಒಳಗೆ ಬಿಟ್ಟಾರು?

ಯಾವಾಗ ಹೋಗಬೇಕು

ನವೆಂಬರ್ ಮಧ್ಯದಿಂದ ಫೆಬ್ರವರಿ. ಮಳೆಗಾಲದಲ್ಲಿ ಮಲೆನಾಡು ಚೆನ್ನ ಅಂತ ಎಲ್ಲರೂ ಹೇಳುತ್ತಾರೆ, ನೋಡೋಕೆ ಚೆನ್ನವೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಇಲ್ಲಿನ ಕೆಂಪುಮಣ್ಣು ಟೈರಿಗೆ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಚಕ್ರ ಮತ್ತು ಫೋರ್ಕಿನ ನಡುವೆ ತುಂಬಿಕೊಂಡರೆ ತಳ್ಳೋಕೂ ಆಗೋದಿಲ್ಲ, ಕಡ್ಡಿ ತಗೊಂಡು ಕೆರೆಯುತ್ತಾ ಕೂರಬೇಕು. ಹಳ್ಳಗಳು ತುಂಬಿ ಹರಿಯುತ್ತವೆ. ಇಂಬಳಗಳ, ಅಂದರೆ ಜಿಗಣೆಗಳ, ಬಗ್ಗೆ ಬೇರೆ ಹೇಳಬೇಕಾ.

ಡಿಸೆಂಬರ್, ಜನವರಿ ಕಾಫಿ ಕೊಯ್ಲಿನ ಕಾಲ. ತೋಟದಲ್ಲಿ ಜನ ಇರುತ್ತಾರೆ, ದಾರಿ ಕೇಳೋಕೆ ಯಾರಾದರೂ ಸಿಗುತ್ತಾರೆ. ಅದೇ ಕಾಲದಲ್ಲಿ ಪಿಕಪ್ಪು, ಟ್ರ್ಯಾಕ್ಟರ್ ಓಡಾಟವೂ ಜಾಸ್ತಿ, ಕುರುಡು ತಿರುವುಗಳಲ್ಲಿ ಬೆಲ್ಲು ಬಾರಿಸುತ್ತಲೇ ಇಳಿಯಿರಿ. ಹೊಸನಗರ, ಸಾಗರದ ಕಡೆ ಶರಾವತಿ ಹಿನ್ನೀರು ದಾಟುವ ಆಲೋಚನೆ ಇದ್ದರೆ ಲಾಂಚಿನ ಬಗ್ಗೆ ಮೊದಲೇ ವಿಚಾರಿಸಿ. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆಯೇ ಆಗಿದೆ. ಹಸಿರುಮಕ್ಕಿಯ ಲಾಂಚು ಬೇಸಿಗೆಯಲ್ಲಿ ನೀರು ಇಳಿದಾಗ ನಿಂತುಹೋಗುವುದುಂಟು.

ಈಗ ಸೈಕಲ್

ಹೊಸದು ಬೇಕೇ ಬೇಕು ಅಂತಿಲ್ಲ. ನೋಡಬೇಕಾದ್ದು ಮೂರೇ: ಕಡಿಮೆ ಗೇರು, ಟೈರಿಗೆ ಜಾಗ, ಬ್ರೇಕು.

ಗೇರಿನದ್ದು ಸುಲಭದ ಲೆಕ್ಕ. ಮುಂದಿನ ಚಿಕ್ಕ ಹಲ್ಲುಚಕ್ರದ ಹಲ್ಲುಗಳನ್ನು ಎಣಿಸಿ, ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. 0.7 ಅಥವಾ ಅದಕ್ಕಿಂತ ಕಡಿಮೆ ಬಂದರೆ ಮಲೆನಾಡಿನ ಏರಿಗೆ ಸಾಕು. ಈಗಿನ ಸೈಕಲ್‌ಗಳಲ್ಲಿ ಮುಂದೆ ಒಂದೇ ಹಲ್ಲುಚಕ್ರ, 32 ಹಲ್ಲು, ಹಿಂದೆ 51 ಇದ್ದರೆ 0.63. ಮುಂದೆ ಮೂರು ಹಲ್ಲುಚಕ್ರ ಇರುವ ಹತ್ತು ವರ್ಷ ಹಳೆಯ ಎಂಟಿಬಿಯಲ್ಲಿ (ಮೌಂಟನ್ ಬೈಕ್) ಮುಂದಿನ ಚಿಕ್ಕದು 22, ಹಿಂದೆ 32 ಇದ್ದರೆ 0.69. ಅದರಲ್ಲೂ ಹಳೆಯದರ 26 ಇಂಚಿನ ಗಾಲಿ ಹೊಸದರ 29 ಇಂಚಿನದಕ್ಕಿಂತ ಚಿಕ್ಕದು. ಎರಡನ್ನೂ ಸೇರಿಸಿ ನೋಡಿದರೆ ಪೆಡಲ್ ಒಂದು ಸುತ್ತು ತಿರುಗಿಸಿದಾಗ ಎರಡೂ ಸುಮಾರು 1.4 ಮೀಟರ್ ಮುಂದೆ ಹೋಗುತ್ತವೆ. ಅಂದರೆ ಮನೆಯ ಹಿಂದೆ ಧೂಳು ಹಿಡಿದು ನಿಂತಿರುವ ಆ ಹಳೇ ಸೈಕಲ್ಲು ಏರಿನಲ್ಲಿ ಲಕ್ಷದ ಸೈಕಲ್ಲಿಗೆ ಸಮ. ಅಂಗಡಿಯಲ್ಲಿ ಇದನ್ನು ಯಾರೂ ಹೇಳೋದಿಲ್ಲ.

ಟೈರು ಕನಿಷ್ಠ 2 ಇಂಚು, 2.2 ಇದ್ದರೆ ಇನ್ನೂ ಒಳ್ಳೇದು. ಗ್ರಾವೆಲ್ ಸೈಕಲ್ಲಿನವರು (ರೋಡ್ ಸೈಕಲ್ಲಿನಂಥದ್ದೇ, ಟೈರು ಸ್ವಲ್ಪ ದಪ್ಪ) 40 ಮಿ.ಮೀ. ಹಾಕಿಕೊಂಡು ಬರಬಹುದು, ಆದರೆ ಬೋಳ್ಗಲ್ಲು ಹಾಸಿದ ಇಳಿಜಾರಿನಲ್ಲಿ ಕೈ ನಡುಗಿ ಹೋಗುತ್ತದೆ. ಟೈರು ಹಾಕಿದ ಮೇಲೆ ಫ್ರೇಮಿಗೂ ಟೈರಿಗೂ ನಡುವೆ ಕಿರುಬೆರಳು ಸಲೀಸಾಗಿ ಹೋಗುವಷ್ಟು ಸಂದು ಇರಬೇಕು, ಕೆಸರಿಗೆ ಜಾಗ ಬೇಕಲ್ವಾ. ಗಾಳಿಯನ್ನು ಕಲ್ಲಿನ ಹಾಗೆ ತುಂಬಬೇಡಿ. 2.2 ಇಂಚಿಗೆ, ಟ್ಯೂಬ್‌ಲೆಸ್ ಆದರೆ ಮುಂದೆ 25, ಹಿಂದೆ 28 ಪಿಎಸ್‌ಐಯಿಂದ ಶುರುಮಾಡಿ. ಟ್ಯೂಬ್ ಇದ್ದರೆ 35ರ ಹತ್ತಿರ ಇರಲಿ. ಕಡಿಮೆ ಮಾಡಿದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ.

ಇನ್ನೊಂದು ಚಿಕ್ಕ ವಿಷಯ, ಇದರಿಂದ ನನ್ನ ಗೆಳೆಯನೊಬ್ಬ ಇಡೀ ದಿನ ಕಳೆದುಕೊಂಡ. ಅದು ವಾಲ್ವ್. ನಮ್ಮ ಊರುಗಳ ಸೈಕಲ್ ಶಾಪಿನಲ್ಲಿ ಸಿಗುವುದು ವಾಲ್‌ಟ್ಯೂಬ್ ಹಾಕುವ ಹಳೇ ನಮೂನೆಯದು. ಬಂಕಿನಲ್ಲಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಿಡಿಯುವುದು ಬೈಕು, ಕಾರಿನ ವಾಲ್ವಿಗೆ. ದುಬಾರಿ ಸೈಕಲ್ಲುಗಳಲ್ಲಿ ಇರುವುದು ಸಣ್ಣ ಪ್ರೆಸ್ಟಾ ವಾಲ್ವ್. ಎರಡಕ್ಕೂ ಮಧ್ಯೆ ಕೂರಿಸುವ ಹಿತ್ತಾಳೆ ಅಡಾಪ್ಟರ್ ಒಂದು ಬರುತ್ತದೆ, ಕಡ್ಲೆಕಾಯಿ ಗಾತ್ರ, ಬಸ್ ಚಾರ್ಜಿನಷ್ಟೂ ಬೆಲೆ ಇಲ್ಲ. ಎರಡು ತಗೊಂಡು ಒಂದನ್ನು ವಾಲ್ವಿಗೇ ತಿರುಗಿಸಿಟ್ಟುಬಿಡಿ. ಪ್ರೆಸ್ಟಾ ರಿಮ್ಮಿನ ತೂತು ಸಣ್ಣದು, ಊರಿನಲ್ಲಿ ಸಿಗುವ ಟ್ಯೂಬು ಅದರೊಳಗೆ ಹೋಗುವುದಿಲ್ಲ. ಹಾಗಾಗಿ ನಿಮ್ಮ ಅಳತೆಯ ಎರಡು ಟ್ಯೂಬು ನೀವೇ ಒಯ್ಯಬೇಕು, ಟ್ಯೂಬ್‌ಲೆಸ್ ಇದ್ದರೂ ಒಂದಾದರೂ ಇರಲಿ. ಟ್ಯೂಬ್‌ಲೆಸ್‌ನೊಳಗೆ ತೂತು ಮುಚ್ಚಲು ಹಾಕುವ ಸೀಲೆಂಟ್ ದ್ರವ ನಮ್ಮ ಸೆಕೆಗೆ ಎರಡು ಮೂರು ತಿಂಗಳಲ್ಲೇ ಒಣಗುತ್ತದೆ. ಹೊರಡುವ ವಾರ ಹೊಸದಾಗಿ ತುಂಬಿ.

ಡಿಸ್ಕ್ ಬ್ರೇಕ್ ಇದ್ದರೆ ಒಂದು ಜೊತೆ ಪ್ಯಾಡು ಹೆಚ್ಚಿಗೆ ಇಟ್ಟುಕೊಳ್ಳಿ. ಒದ್ದೆ ಮಣ್ಣು ಮರಳುಕಾಗದದ ಹಾಗೆ ತಿನ್ನುತ್ತದೆ. ಸಾಮಾನು ಹೇರಿದ ಸೈಕಲ್ಲಿನಲ್ಲಿ ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಿರಿ. ಹಿಂದಿನ ಗಾಲಿಯ ಕಡ್ಡಿಗಳನ್ನು ಒಬ್ಬ ಒಳ್ಳೆಯ ಮೆಕ್ಯಾನಿಕ್ ಕೈಯಲ್ಲಿ ಬಿಗಿ ಮಾಡಿಸಿ. ಮುರಿಯುವುದೆಲ್ಲ ಹೆಚ್ಚಾಗಿ ಅಲ್ಲೇ, ಅದೂ ಚೈನಿನ ಬದಿಯಲ್ಲಿ.

ಭಾರ ಇಳಿಸುವುದು

ನನ್ನ 22 ಕೆ.ಜಿ.ಯಲ್ಲಿ ಏನಿತ್ತು ಅಂತ ಮನೆಗೆ ಬಂದ ಮೇಲೆ ನೆಲದ ಮೇಲೆ ಹರಡಿ ನೋಡಿದೆ. ಟೆಂಟು, ಚಾಪೆ, ಸ್ಲೀಪಿಂಗ್ ಬ್ಯಾಗ್, ಗ್ಯಾಸ್ ಸ್ಟೌವ್, ಎರಡು ಪಾತ್ರೆ, ಎಂಟು ಪ್ಯಾಕೆಟ್ ನೂಡಲ್ಸ್, ಜೀನ್ಸ್ ಪ್ಯಾಂಟು, ಓದೋಕೆ ಅಂತ ಎರಡು ದಪ್ಪ ಕಾದಂಬರಿ. ಕಾದಂಬರಿ ತೆರೆದೇ ಇರಲಿಲ್ಲ. ಟೆಂಟನ್ನು ಒಂದೇ ರಾತ್ರಿ ಹಾಕಿದ್ದು, ಅದೂ ಒಬ್ಬರ ಮನೆಯ ಅಂಗಳದಲ್ಲಿ. ಬೆಳಗ್ಗೆ ಆ ಮನೆಯ ಅಮ್ಮ "ಜಗಲಿ ಖಾಲಿ ಇತ್ತಲ್ಲ ಮಗ, ಯಾಕೆ ಇಬ್ಬನಿಯಲ್ಲಿ ಮಲಗಿದೆ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಲೆನಾಡಿಗೆ ಟೆಂಟು ಬೇಡ. ಇದು ನನ್ನ ಖಡಕ್ ಅಭಿಪ್ರಾಯ. ಲಡಾಖ್, ಸ್ಪಿತಿಯ ಮಾತು ಬೇರೆ. ಇಲ್ಲಿ ನಮ್ಮ ಲೆಕ್ಕದ 40 ಕಿ.ಮೀ. ಒಳಗೆ ಲಾಡ್ಜೋ ಹೋಂಸ್ಟೇಯೋ ದೇವಸ್ಥಾನದ ವಸತಿಯೋ ಏನಾದರೂ ಇದ್ದೇ ಇರುತ್ತದೆ, ಹೊರನಾಡಿನಲ್ಲಂತೂ ದೇವಸ್ಥಾನದಲ್ಲೇ ಊಟ. ಟೆಂಟು, ಸ್ಲೀಪಿಂಗ್ ಬ್ಯಾಗ್, ಸ್ಟೌವ್ ಮೂರನ್ನೂ ಬಿಟ್ಟರೆ 5 ಕೆ.ಜಿ. ಅಲ್ಲೇ ಇಳಿಯಿತು. ಒಂದು ಹಗುರ ಹೊದಿಕೆ ಸಾಕು.

ಈಗ ನಾನು ಒಯ್ಯುವುದು ನೀರು ಬಿಟ್ಟು 8 ಕೆ.ಜಿ. ತುಳಿಯೋಕೆ ಎರಡು ಜೊತೆ ಬಟ್ಟೆ, ಸಂಜೆಗೆ ಒಂದು ಜೊತೆ, ತೆಳ್ಳನೆ ಸ್ವೆಟರ್, ಮಳೆ ಜಾಕೆಟ್, ಪಂಚೆ. ಪಂಚೆಯನ್ನು ಕಡೆಗಣಿಸಬೇಡಿ. ಉಡೋಕೆ, ಹೊದೆಯೋಕೆ, ಒರೆಸಿಕೊಳ್ಳೋಕೆ, ಬಾವಿಕಟ್ಟೆಯಲ್ಲಿ ಸ್ನಾನಕ್ಕೆ ಎಲ್ಲಕ್ಕೂ ಆಗುತ್ತದೆ. ಒಂದು ಗಂಟೆಯಲ್ಲಿ ಒಣಗುತ್ತದೆ ಕೂಡ.

ಕಟ್ಟುವಾಗ ಭಾರದ್ದು ಫ್ರೇಮಿನ ಮಧ್ಯೆ, ಕೆಳಗೆ. ಟೂಲ್ಸು, ನೀರು ಅಲ್ಲಿ. ಹಗುರದ್ದು, ಅಂದರೆ ಬಟ್ಟೆ, ಹ್ಯಾಂಡಲ್ ಮತ್ತು ಸೀಟಿನ ಹಿಂದೆ. ಕ್ಯಾರಿಯರ್ ಹಾಕಿ ಎರಡೂ ಬದಿಗೆ ಚೀಲ ನೇತುಹಾಕುವುದು ಟಾರಿಗೆ ಸರಿ, ಮಣ್ಣುದಾರಿಯಲ್ಲಿ ಆ ಚೀಲಗಳು ದಿಣ್ಣೆಗೆ ಉಜ್ಜುತ್ತವೆ, ಕ್ಯಾರಿಯರಿನ ಸ್ಕ್ರೂ ಅದುರಿ ಅದುರಿ ಕಳಚುತ್ತದೆ. ಇರುವುದು ಅದೇ ಆದರೆ ಪ್ರತಿ ಸ್ಕ್ರೂವಿನ ಎಳೆಗೆ ಒಂದು ತೊಟ್ಟು ನೇಲ್ ಪಾಲಿಶ್ ಹಚ್ಚಿ ಬಿಗಿ ಮಾಡಿ, ಬೇಗ ಸಡಿಲ ಆಗೋದಿಲ್ಲ. ದುಬಾರಿ ಬೆಲ್ಟುಗಳ ಬದಲು ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಪಟ್ಟಿ ಮಾಡಿಕೊಳ್ಳಿ. ಹಾಲಿನವರು, ಗ್ಯಾಸಿನವರು ಎಷ್ಟೋ ವರ್ಷದಿಂದ ಅದರಲ್ಲೇ ಕಟ್ಟುತ್ತಾ ಬಂದಿದ್ದಾರೆ.

ಕಟ್ಟಿ ಆಯಿತಾ? ಈಗ ಊಟದ ಟೇಬಲ್ ಪಕ್ಕ ನಿಲ್ಲಿಸಿ, ಎತ್ತಿ. ಟೇಬಲ್ಲಿನ ಮೇಲೆ ಹಿಂದಿನ ಚಕ್ರವೂ ಬರಬೇಕು. ಬರಲಿಲ್ಲವಾದರೆ ಬಿಚ್ಚಿ, ಇನ್ನೊಂದಿಷ್ಟು ತೆಗೆಯಿರಿ. ಮನೆಯವರು ನಗುತ್ತಾರೆ, ನಗಲಿ.

ಮುರಿದರೆ ಏನು

ಬಾಳೂರು ಮತ್ತು ಕಳಸದ ನಡುವೆ ಒಂದು ತೋಟದ ದಾರಿಯಲ್ಲಿ ಹೆಬ್ಬೆರಳು ಗಾತ್ರದ ಒಣಕಡ್ಡಿ ನನ್ನ ಹಿಂದಿನ ಗಾಲಿಗೆ ಸಿಕ್ಕಿತು. ಟಕ್ ಅಂತ ಒಂದೇ ಸದ್ದು. ಗೇರು ಬದಲಿಸಲು ಚೈನನ್ನು ಸರಿಸುವ ಡಿರೇಲರ್ ಅರ್ಧ ಸುತ್ತು ತಿರುಗಿ ಕಡ್ಡಿಗಳ ಮಧ್ಯೆ ನೇತಾಡುತ್ತಿತ್ತು, ಅದನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಅನ್ನುವ ಸಣ್ಣ ಅಲ್ಯೂಮಿನಿಯಂ ತುಂಡು ಎರಡಾಗಿತ್ತು. ಹ್ಯಾಂಗರ್ ಮುರಿಯೋಕೇ ಇರುವುದು, ಫ್ರೇಮ್ ಉಳಿಯಲಿ ಅಂತ. ಆದರೆ ಒಂದೊಂದು ಸೈಕಲ್ಲಿಗೂ ಒಂದೊಂದು ಆಕಾರ. ಸೈಕಲ್ ಕೊಂಡ ಅಂಗಡಿಯಲ್ಲಿ "ಎಲ್ಲಾ ಕಡೆ ಸಿಗುತ್ತೆ ಸರ್" ಅಂದಿದ್ದರು. ಎಲ್ಲೂ ಸಿಗಲಿಲ್ಲ. 9 ಕಿ.ಮೀ. ತಳ್ಳಿದೆ, ಆಮೇಲೆ ಕಾಫಿ ಹಣ್ಣು ತುಂಬಿದ ಪಿಕಪ್ಪಿನವರು ಮೂಟೆಗಳ ಮೇಲೆ ಸೈಕಲ್ ಮಲಗಿಸಿಕೊಂಡು ಕಳಸಕ್ಕೆ ಬಿಟ್ಟರು.

ಬೇಜಾರಿನ ವಿಷಯ ಏನೆಂದರೆ, ತಳ್ಳುವ ಅಗತ್ಯವೇ ಇರಲಿಲ್ಲ. ಚೈನ್ ಕಟ್ಟರ್ ನನ್ನ ಚೀಲದಲ್ಲೇ ಇತ್ತು, ಬಳಸೋದು ಗೊತ್ತಿರಲಿಲ್ಲ. ಡಿರೇಲರನ್ನು ಪೂರ್ತಿ ಬಿಚ್ಚಿ, ಹಿಂದಿನ ಹಲ್ಲುಚಕ್ರಗಳಲ್ಲಿ ಮಧ್ಯದ ಯಾವುದಾದರೂ ಒಂದಕ್ಕೆ ಚೈನು ನೇರವಾಗಿ ಬರುವ ಹಾಗೆ ಕೂರಿಸಿ, ಉಳಿದ ಉದ್ದ ಕತ್ತರಿಸಿ, ಕ್ವಿಕ್ ಲಿಂಕ್ (ಚೈನಿನ ತುದಿಗಳನ್ನು ಜೋಡಿಸುವ ಕೊಂಡಿ) ಹಾಕಿ ಸೇರಿಸಿದರೆ ಸೈಕಲ್ಲು ಒಂದೇ ಗೇರಿನದಾಗುತ್ತದೆ. ಚೈನು ಸ್ವಲ್ಪ ಸಡಿಲ ಇದ್ದರೂ ಮೆತ್ತಗೆ ತುಳಿದರೆ ಊರು ಸೇರುತ್ತೀರಿ. ಹಿಂದೆ ಸಸ್ಪೆನ್ಷನ್ ಇರುವ ಸೈಕಲ್ಲಿಗೆ ಮಾತ್ರ ಇದು ಸರಿಹೋಗದು, ಕುಪ್ಪಳಿಸಿದಾಗಲೆಲ್ಲ ಚೈನಿನ ಎಳೆತ ಬದಲಾಗುತ್ತದೆ. ಇದನ್ನು ಮನೆಯಲ್ಲಿ ಹಳೇ ಚೈನಿನ ಮೇಲೆ ಎರಡು ಸಲ ಮಾಡಿ ನೋಡಿ. ಹಾಗೇ ಹಿಂದಿನ ಚಕ್ರ ಬಿಚ್ಚಿ ಹಾಕುವುದು, ಪಂಕ್ಚರ್ ಹಾಕುವುದು, ಬ್ರೇಕ್ ಪ್ಯಾಡ್ ಬದಲಿಸುವುದು. ಕತ್ತಲಲ್ಲಿ, ಹೆಡ್‌ಲ್ಯಾಂಪ್ ಬೆಳಕಲ್ಲಿ ಮಾಡೋಕೆ ಬಂದರೆ ಪಾಸ್.

ಚೀಲದಲ್ಲಿ ಇರಬೇಕಾದ್ದು: ಅಲೆನ್ ಕೀ ಸೆಟ್ಟು, ಚೈನ್ ಕಟ್ಟರ್, ಎರಡು ಕ್ವಿಕ್ ಲಿಂಕ್, ನಿಮ್ಮ ಫ್ರೇಮಿನದೇ ಹ್ಯಾಂಗರ್, ಗೇರ್ ಕೇಬಲ್ ಒಂದು, ಪಂಪು, ಪ್ಯಾಚು ಮತ್ತು ಸೊಲ್ಯೂಷನ್, ಟೈರ್ ಲಿವರ್, ಕೇಬಲ್ ಟೈ ಹತ್ತು, ಸಣ್ಣ ಬಾಟಲಿಯಲ್ಲಿ ಚೈನ್ ಆಯಿಲ್. ಟೂತ್‌ಪೇಸ್ಟ್ ಟ್ಯೂಬಿನ ಒಂದು ತುಂಡನ್ನೂ ತೊಳೆದು ಇಟ್ಟುಕೊಳ್ಳಿ. ಟೈರಿನ ಪಕ್ಕ ಸೀಳಿದರೆ ಒಳಗಿನಿಂದ ಅದನ್ನು ಇಟ್ಟು ಟ್ಯೂಬು ಹಾಕಬಹುದು. ಕ್ಯಾರಿಯರ್, ಸ್ಟ್ಯಾಂಡು ಇಂಥ ಕಬ್ಬಿಣದ್ದು ಮುರಿದರೆ ಚಿಂತೆಯೇ ಇಲ್ಲ. ಟ್ರ್ಯಾಕ್ಟರ್ ಇರುವ ಕಡೆ ವೆಲ್ಡಿಂಗ್ ಶಾಪೂ ಇರುತ್ತದೆ.

ಮೈ ತಯಾರಿ

ಎಂಟು ವಾರ ಸಾಕು, ಈಗಾಗಲೇ ಸ್ವಲ್ಪ ಸೈಕಲ್ ತುಳಿಯುತ್ತಿದ್ದರೆ. ವಾರದ ಮಧ್ಯೆ ಎರಡು ದಿನ ಒಂದೊಂದು ಗಂಟೆ. ಶನಿವಾರ ನಾಲ್ಕು ಗಂಟೆ, ಭಾನುವಾರ ಮತ್ತೆ ಮೂರು ಗಂಟೆ. ಭಾನುವಾರದ್ದೇ ಮುಖ್ಯ. ಒಂದು ದಿನ 80 ಕಿ.ಮೀ. ಹೊಡೆಯುವುದು ಯಾರಿಗೂ ಆಗುತ್ತದೆ, ನೋವಿರುವ ಕುಂಡಿಯನ್ನು ಮಾರನೇ ದಿನ ಅದೇ ಸೀಟಿನ ಮೇಲೆ ಇಡುವುದೇ ಪ್ರವಾಸ. ಬೆಂಗಳೂರಿನವರು ಕನಕಪುರದ ಕಡೆ ಹಳ್ಳಿದಾರಿಗಳಿಗೆ, ಮೈಸೂರಿನವರು ಚಾಮುಂಡಿ ಬೆಟ್ಟಕ್ಕೆ ಹೋಗಿ. ಬಯಲುಸೀಮೆಯವರಿಗೆ ಏರು ಕಡಿಮೆ, ಎದುರುಗಾಳಿ ಇದೆ, ಅದೂ ಒಳ್ಳೇ ಅಭ್ಯಾಸವೇ. ಜಾಲಿಮುಳ್ಳಿನ ದಯೆಯಿಂದ ಪಂಕ್ಚರ್ ಹಾಕುವುದನ್ನೂ ಕಲಿಯುತ್ತೀರಿ.

ಕೊನೆಯ ನಾಲ್ಕು ವಾರ ಸಾಮಾನು ಕಟ್ಟಿಕೊಂಡೇ ಹೋಗಿ. ಮತ್ತೆ, ತಳ್ಳುವುದನ್ನೂ ಅಭ್ಯಾಸ ಮಾಡಿ. ಇದನ್ನು ಯಾರೂ ಮಾಡೋದಿಲ್ಲ. ಸೈಕಲ್ಲಿನ ಎಡಗಡೆ ನಿಂತು, ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಸೀಟಿನ ಹಿಂದೆ, ಏರಿನಲ್ಲಿ ಅರ್ಧ ಗಂಟೆ. ಮಾರನೇ ದಿನ ಭುಜ, ಮೀನಖಂಡ ಏನು ಹೇಳುತ್ತವೆ ಅಂತ ಕೇಳಿ. ಅದಕ್ಕೇ ಶೂ ಕೂಡ ನಡೆಯೋಕೆ ಬರುವಂಥದ್ದು ಇರಲಿ. ಪೆಡಲಿಗೆ ಕ್ಲಿಕ್ ಆಗಿ ಕೂರುವ ಗಟ್ಟಿ ಅಡಿಯ ಶೂ ಹಾಕಿಕೊಂಡು ಪಾಚಿ ಹಿಡಿದ ಸಂಕದ ಮೇಲೆ ಒಮ್ಮೆ ನಡೆದರೆ ಗೊತ್ತಾಗುತ್ತದೆ.

ಕಾಡು, ಆನೆ, ಉಣ್ಣೆ

ಕುದುರೆಮುಖ ರಾಷ್ಟ್ರೀಯ ಉದ್ಯಾನ, ಭದ್ರಾ, ಸೋಮೇಶ್ವರ, ಮೂಕಾಂಬಿಕಾ, ಶರಾವತಿ ಅಭಯಾರಣ್ಯಗಳೆಲ್ಲ ಈ ದಾರಿಯ ಆಚೀಚೆಯೇ ಇವೆ. ಇವುಗಳೊಳಗೆ ಅನುಮತಿ ಇಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಸೈಕಲ್ಲು ಸದ್ದು ಮಾಡೋದಿಲ್ಲ, ಹೊಗೆ ಬಿಡೋದಿಲ್ಲ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಸದ್ದು ಮಾಡದಿರುವುದೇ ತೊಂದರೆ, ಪ್ರಾಣಿಗೆ ನೀವು ಬಂದದ್ದೇ ತಿಳಿಯುವುದಿಲ್ಲ. ನಕ್ಷೆ ಹಾಕುವಾಗಲೇ ಈ ಗಡಿಗಳನ್ನು ಗುರುತು ಮಾಡಿಕೊಂಡು, ಅದರೊಳಗಿನ ಮಣ್ಣುದಾರಿಗಳನ್ನು ಬಿಟ್ಟುಬಿಡಿ. ಅನುಮಾನ ಇದ್ದರೆ ಹತ್ತಿರದ ರೇಂಜ್ ಆಫೀಸಿನಲ್ಲಿ ಕೇಳಿ.

ಸಕಲೇಶಪುರ, ಮೂಡಿಗೆರೆ ಭಾಗದಲ್ಲಿ ಆನೆಗಳು ಕಾಡಿನಲ್ಲೇ ಇರುತ್ತವೆ ಅಂತ ಅಂದುಕೊಳ್ಳಬೇಡಿ, ಕಾಫಿ ತೋಟದಲ್ಲೇ ಇರುತ್ತವೆ. ಬೆಳಗ್ಗೆ ಹೊರಡುವ ಮೊದಲು ಹೋಟೆಲಿನಲ್ಲಿ, ಹಾಲಿನ ಡೇರಿಯಲ್ಲಿ "ಇವತ್ತು ಆನೆ ಯಾವ ಕಡೆ ಉಂಟು?" ಅಂತ ಕೇಳಿ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿಯೇ ಸುದ್ದಿ ಬಂದಿರುತ್ತದೆ. ಹಸಿ ಲದ್ದಿ, ಆಗತಾನೇ ಮುರಿದ ಬೈನೆ ಮರ ಕಂಡರೆ ವಾಪಸ್ ಬನ್ನಿ. ಬೆಳಗ್ಗೆ ಏಳಕ್ಕೆ ಮೊದಲು, ಸಂಜೆ ನಾಲ್ಕೂವರೆ ಆದ ಮೇಲೆ ತೋಟದ ದಾರಿಯಲ್ಲಿ ಇರಬೇಡಿ. ಕಿವಿಗೆ ಇಯರ್‌ಫೋನ್ ಅಂತೂ ಬೇಡವೇ ಬೇಡ.

ಆನೆಗಿಂತ ಜಾಸ್ತಿ ನಾನು ಹೆದರುವುದು ರಕ್ತ ಹೀರುವ ಸಣ್ಣ ಹುಳು ಉಣ್ಣೆಗೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನ ಕಡೆ, ನಮ್ಮ ದಾರಿ ಮುಗಿಯುವ ಸಾಗರಕ್ಕೆ ಪಕ್ಕದ ತಾಲ್ಲೂಕು. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ನಾವು ಹೋಗುವ ಕಾಲದಲ್ಲೇ. ಒಣ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉದ್ದ ಪ್ಯಾಂಟು ಹಾಕಿ ಸಾಕ್ಸ್ ಒಳಗೆ ಸೇರಿಸಿ. ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲವೋ, ಬೇರೆ ಕೀಟ ನಿವಾರಕವೋ ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಕಂಕುಳು, ಮಂಡಿಯ ಹಿಂದೆ, ಸೊಂಟದ ಪಟ್ಟಿ ಎಲ್ಲ ನೋಡಿಕೊಳ್ಳಿ, ಬಟ್ಟೆಯನ್ನು ಅವತ್ತೇ ಒಗೆಯಿರಿ. ಮಂಗ ಸತ್ತು ಬಿದ್ದಿದೆ ಅಂತ ಸುದ್ದಿ ಇರುವ ಕಡೆ ದಾರಿ ಬದಲಿಸಿ. ಮನೆಗೆ ಬಂದು ಒಂದೆರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಮಲೆನಾಡಿನ ಕಾಡಂಚಿನಲ್ಲಿ ಓಡಾಡಿ ಬಂದೆ ಅಂತ ಬಾಯಿಬಿಟ್ಟು ಹೇಳಿ. ನಗರದ ಡಾಕ್ಟರಿಗೆ ಅದು ತಾನಾಗಿ ಹೊಳೆಯಬೇಕು ಅಂತಿಲ್ಲ.

ಇಂಬಳ ಕಚ್ಚಿದರೆ ಏನೂ ಆಗೋದಿಲ್ಲ. ಸುಣ್ಣವೋ ಉಪ್ಪೋ ಮುಟ್ಟಿಸಿ.

ಹೊಟ್ಟೆ, ನೀರು

ನೀರು ಮೂರು ಲೀಟರ್, ದಾರಿಯ ಮನೆಗಳಲ್ಲಿ ಕೇಳಿ ತುಂಬಿಸಿಕೊಳ್ಳಿ. ತೋಟದೊಳಗಿನ ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಕುಡಿಯಬೇಡಿ, ಮೇಲ್ಗಡೆ ಔಷಧಿ ಹೊಡೆದಿರಬಹುದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ (ಪಲ್ಪಿಂಗ್) ನೀರು ಬಿಟ್ಟಿರಬಹುದು. ಜೇಬಿಗೆ ಹುರಿಗಡಲೆ, ಬೆಲ್ಲ, ಚಿಕ್ಕಿ, ಓಆರ್‌ಎಸ್ ಪುಡಿ. ಎನರ್ಜಿ ಬಾರ್ ಬೇಕಾದವರು ತಗೊಳ್ಳಿ, ನನಗಂತೂ ಕೊಟ್ಟಿಗೆಹಾರದ ನೀರುದೋಸೆ ಸಿಗುವ ದಾರಿಯಲ್ಲಿ ಅದನ್ನು ತಿನ್ನೋಕೆ ಮನಸ್ಸು ಬರೋದಿಲ್ಲ. ಬೆಳಗ್ಗೆ ತಿಂಡಿ ತಿಂದ ಹೋಟೆಲಿನಲ್ಲೇ ಎರಡು ಅಕ್ಕಿರೊಟ್ಟಿ ಕಟ್ಟಿಸಿಕೊಳ್ಳಿ, ಮಧ್ಯಾಹ್ನ ಎಲ್ಲಿರುತ್ತೀರೋ ಗೊತ್ತಿಲ್ಲ. ಕೈಯಲ್ಲಿ ನೋಟು ಇರಲಿ. ಸಿಗ್ನಲ್ ಇಲ್ಲದ ಕಡೆ ಫೋನ್ ಪೇ ನಡೆಯೋದಿಲ್ಲ.

ಒಂದು ತಾಲೀಮು, ಆಮೇಲೆ ರೈಲು

ಹೊರಡುವ ಮೂರು ವಾರ ಮೊದಲು ಎರಡು ದಿನದ ತಾಲೀಮು ಮಾಡಿ. ಅದೇ ಸೈಕಲ್, ಅದೇ ಸಾಮಾನು, ಅದೇ ಶೂ, ಒಂದು ರಾತ್ರಿ ಹೊರಗೆ. ವಾಪಸ್ ಬಂದ ಕೂಡಲೇ ಚೀಲ ಸುರಿದು ಮುಟ್ಟದೇ ಇದ್ದ ವಸ್ತುಗಳನ್ನು ಬೇರೆ ಇಡಿ. ಔಷಧಿ, ರಿಪೇರಿ ಸಾಮಾನು, ಮಳೆ ಜಾಕೆಟ್ ಬಿಟ್ಟು ಉಳಿದದ್ದನ್ನು ಮನೆಯಲ್ಲೇ ಬಿಡಿ. ಅದಾದ ಮೇಲೆ ಹೊಸದೇನೂ ಹಾಕಿಸಬೇಡಿ, ಹೊಸ ಸೀಟಂತೂ ಬೇಡ.

ರೈಲಿನಲ್ಲಿ ಸೈಕಲ್ಲನ್ನು ಪಾರ್ಸೆಲ್ ಆಫೀಸಿನಲ್ಲಿ ಬುಕ್ ಮಾಡಿ ಲಗೇಜ್ ವ್ಯಾನಿನಲ್ಲಿ ಕಳಿಸಬಹುದು. ಆದರೆ ಈ ಸೌಲಭ್ಯ ಎಲ್ಲ ಸ್ಟೇಷನ್‌ಗಳಲ್ಲೂ ಇರುವುದಿಲ್ಲ, ಸಣ್ಣ ಸ್ಟೇಷನ್‌ನಲ್ಲಿ ರೈಲು ನಿಲ್ಲುವುದೂ ಒಂದೆರಡು ನಿಮಿಷ. ಒಂದು ವಾರ ಮೊದಲೇ ಸ್ಟೇಷನ್ನಿಗೆ ಹೋಗಿ ಕೇಳಿ ಬನ್ನಿ. ಬುಕ್ ಮಾಡುವುದಾದರೆ ಡಿರೇಲರ್ ಬಿಚ್ಚಿ ಒಳಗೆ ಕಟ್ಟಿ, ಪೆಡಲ್ ತೆಗೆಯಿರಿ, ಗೊಬ್ಬರದ ಖಾಲಿ ಚೀಲಗಳನ್ನು ಹರಿದು ಫ್ರೇಮಿಗೆ ಸುತ್ತಿ. ಸೈಕಲ್ಲಿನ ಮೇಲೆ ಏನೆಲ್ಲ ಹೇರುತ್ತಾರೆ ಅಂತ ನೋಡದಿರುವುದೇ ಒಳ್ಳೇದು. ಬಸ್ಸಾದರೆ ಎರಡೂ ಚಕ್ರ ಬಿಚ್ಚಿ ಡಿಕ್ಕಿಯಲ್ಲಿ ಮಲಗಿಸಿ, ಚೈನು ಮೇಲ್ಮುಖವಾಗಿರಲಿ. ಕಂಡಕ್ಟರ ಹತ್ತಿರ ಮೊದಲೇ ಮಾತಾಡಿ ಲಗೇಜ್ ಟಿಕೆಟ್ ತಗೊಳ್ಳಿ.

ದಿನದ ದಾರಿ, ತಂಗುವ ಊರು, ಎಲ್ಲ ಬರೆದ ಹಾಳೆಯ ಒಂದು ಪ್ರತಿ ಮನೆಯಲ್ಲಿರಲಿ. ಸಂಜೆ 7ರೊಳಗೆ ಫೋನ್ ಬರದಿದ್ದರೆ ಯಾರಿಗೆ ಕರೆ ಮಾಡಬೇಕು ಅಂತಲೂ ಅದರಲ್ಲೇ ಬರೆಯಿರಿ. 112, 108 ಎರಡೂ ನಂಬರು ಫೋನಿನಲ್ಲಷ್ಟೇ ಅಲ್ಲ, ತಲೆಯಲ್ಲೂ ಇರಲಿ.

ಮೊದಲ ದಿನ 25 ಕಿ.ಮೀ. ಮಾತ್ರ ಇಟ್ಟುಕೊಳ್ಳಿ. ಸಕಲೇಶಪುರದಲ್ಲಿ ಇಳಿದು ಸೈಕಲ್ ಜೋಡಿಸೋಕೇ ಒಂದು ಗಂಟೆ ಬೇಕು. ಹಾನುಬಾಳಿನ ಕಡೆ ಹತ್ತು ಕಿಲೋಮೀಟರ್ ಆದ ಮೇಲೆ ಯಾವುದಾದರೂ ಗೂಡಂಗಡಿ ಮುಂದೆ ನಿಲ್ಲಿಸಿ, ಒಂದು ಕಾಫಿ ಹೇಳಿ, ಅದು ಬರುವಷ್ಟರಲ್ಲಿ ಅಲೆನ್ ಕೀ ತೆಗೆದು ಹ್ಯಾಂಡಲ್, ಸೀಟು, ಪೆಡಲ್, ಬ್ರೇಕು ಎಲ್ಲದರ ಸ್ಕ್ರೂ ಒಂದು ಸುತ್ತು ನೋಡಿ. ಒಂದಲ್ಲ ಒಂದು ಸಡಿಲ ಆಗಿಯೇ ಇರುತ್ತದೆ.